ತೊಗರಿಯ ಬೇರಿನ ಬಿಡಾರ

ರಾಗಿ ಹೊಲದ ನಡುನಡುವೆ ಬೇರೆ ಬೆಳೆಗೆಂದು ಬಿಟ್ಟ ಅಕ್ಕಡಿ ಸಾಲಿನಲ್ಲಿ ಒಂದು ತೊಗರಿ ಗಿಡವಿತ್ತು. ಅದರ ಬೇರಿನ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಬಿಡಾರ ಹೂಡಿದ್ದವು. ಗಿಡ ಎಲೆಯಲ್ಲಿ ಮಾಡಿದ ಸಿಹಿಯನ್ನು ಅವಕ್ಕೆ ಇಳಿಸುತ್ತಿತ್ತು. ಅವು ಗಾಳಿಯಿಂದ ಸಾರ ಹಿಡಿದು ಗಿಡಕ್ಕೆ ಉಣಿಸುತ್ತಿದ್ದವು.

ಒಮ್ಮೆ ಹೊಲದೊಡತಿ ಪುಟ್ಟನಂಜಮ್ಮ ರಾಗಿಗೆಂದು ಎರಚಿದ ಯೂರಿಯಾ ತೊಗರಿಯ ಬುಡಕ್ಕೂ ಬಿತ್ತು. ನಿಂತಲ್ಲೇ ಹೊಟ್ಟೆ ತುಂಬಿದ ಮೇಲೆ ತೊಗರಿಗೆ ಆ ಗಂಟುಗಳು ನರಹುಲಿಯಂತೆ ಅಸಹ್ಯವೆನಿಸಿದವು.

"ನಿಮ್ಮನ್ನು ಸಾಕುವುದು ಇನ್ನು ನನ್ನಿಂದಾಗದು," ಎಂದಿತು.

"ಅವ್ವಾ, ಆ ಬಿಳಿ ಹರಳು ನಾಲ್ಕು ದಿನದ್ದು. ನಾವು ಸತ್ತರೆ, ನೀನು ಕರೆದ ಕೂಡಲೇ ಎದ್ದು ಬರಲಾರೆವು," ಎಂದಿತು ಜೀವಾಣುಗಳಲ್ಲಿ ಹಿರಿಯದು.

"ಹೊಟ್ಟೆಪಾಡಿನ ಮಾತು!" ಎಂದು ತೊಗರಿ ಸಿಹಿಯನ್ನು ತಡೆದುಬಿಟ್ಟಿತು.

ಬಳಿಕ ಮೂರು ದಿನ ಬಿಡದೆ ಸುರಿದ ಮಳೆಗೆ ಯೂರಿಯಾ ಕೊಚ್ಚಿಹೋಯಿತು. ತೊಗರಿ ಹೂ ಬಿಟ್ಟಿತು, ಆದರೆ ಎಲೆ ಹಳದಿಗಟ್ಟಿ ಹೂವೆಲ್ಲ ಉದುರತೊಡಗಿತು. ಇದ್ದಬದ್ದ ಸಿಹಿಯನ್ನು ಬೇರಿಗೆ ಇಳಿಸಿ, "ತಪ್ಪಾಯಿತು ಮಕ್ಕಳೇ, ಏಳಿ," ಎಂದು ಅದು ಒಂದೊಂದು ಗಂಟನ್ನೂ ಕರೆಯಿತು. ಯಾವುದೂ ಓಗೊಡಲಿಲ್ಲ.

ಕಾಯಿ ಕಚ್ಚದ ಗಿಡವನ್ನು ಪುಟ್ಟನಂಜಮ್ಮ ಕಿತ್ತು, ಒಂದು ಗಂಟನ್ನು ಉಗುರಿನಿಂದ ಸೀಳಿದಳು. ಜೀವವಿದ್ದರೆ ಒಳಗೆ ಕೆಂಪಿರಬೇಕಿತ್ತು, ಬರೀ ಬೂದಿಬಣ್ಣವಿತ್ತು.

"ಯೂರಿಯಾ ಎರಚಿ ಕೈಯಾರೆ ಕೆಡಿಸಿದೆನಲ್ಲಾ," ಎಂದಳು.

ಅವಳ ಕೈಯಲ್ಲಿ ತೂಗುತ್ತಿದ್ದ ತೊಗರಿ ತನ್ನ ಬೇರನ್ನು ಮೊದಲ ಸಲ ಬೆಳಕಿನಲ್ಲಿ ಕಂಡಿತು. ನರಹುಲಿಯೆಂದು ಹೇಸಿದ್ದ ಒಂದೊಂದು ಗಂಟೂ, ತಾನು ಕಟ್ಟಲಾರದೆ ಹೋದ ಕಾಳಿನ ಹಾಗೇ ದುಂಡಗಿತ್ತು.