ಹಸಿ ಬಣ್ಣದ ಬಟ್ಟೆ

"ಅಪ್ಪಾವರೇ, ವಾಸಿಯಾದವಳು ನಿಜವಾಗಿ ವಾಸಿಯಾಗಿದ್ದಾಳೆ ಎಂದು ತಿಳಿಯಲು ಎಷ್ಟು ದಿನ ಕಾಯಬೇಕು?" ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮರುಳಯ್ಯ ಮಠದ ದಾಸೋಹದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ. ಅವನು ಕೇಳಿದ್ದು ಶಾವಂತ್ರೆವ್ವನ ವಿಷಯ. ಆಕೆ ಮೊದಲು ಅದೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೆರಿಗೆ ಕಷ್ಟವಾಗಿ ಕೂಸು ಹೋಯಿತು. ಅಂದಿನಿಂದ ಮೂತ್ರ ಹಿಡಿತಕ್ಕೆ ಸಿಗದಾಯಿತು, ಕೆಲಸ ಬಿಟ್ಟಳು. ಈಗ ಆಪರೇಷನ್ ಆಗಿ, ಪೂರ್ತಿ ಗುಣವಾಗಿ, ಡಾಕ್ಟರ ಚೀಟಿ ಹಿಡಿದು ಬಂದಿದ್ದಳು. ಒಲೆಯ ಮುಂದಿನ ತನ್ನ ಜಾಗ ಕೇಳಿದ್ದಳು. ಅಡುಗೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಮರುಳಯ್ಯ ಆಕೆಗೆ, ಶಿವರಾತ್ರಿ ಮುಗಿಯಲಿ ಎಂದ. ಶಿವರಾತ್ರಿ ಮುಗಿದ ಮೇಲೆ, ಶ್ರಾವಣ ಬರಲಿ ಎಂದ. ಅಲ್ಲಿಯವರೆಗೆ ಹೊರಗಿನ ಅಂಗಳ ಗುಡಿಸಿಕೊಂಡಿರು ಎಂದ. ಆಕೆ ದಿನವೂ ಬಂದು ಗುಡಿಸಿ ಹೋಗುತ್ತಿದ್ದಳು.

"ಎಷ್ಟು ದಿನ ಎಂದು ನೀನು ಅಂದುಕೊಂಡಿದ್ದೀಯ?" ಎಂದರು ಗುರುಗಳು.

"ಒಂದು ವರ್ಷ ಸಾಕಾಗಬಹುದೇ ಎಂದು ಯೋಚಿಸುತ್ತಿದ್ದೇನೆ. ನಾಲ್ಕು ಜನ ಉಣ್ಣುವ ಜಾಗ, ಜಾಗ್ರತೆ ಬೇಕಲ್ಲ."

"ಬಹಳ ಜಾಗ್ರತೆಯ ಮನುಷ್ಯ ನೀನು. ಸಾರಿಗೆ ಉಪ್ಪು ಹಾಕುವಾಗ ಮಾತ್ರ ಅದು ಎಲ್ಲಿ ಹೋಗುತ್ತದೋ ಕಾಣೆ. ಕೂಡು. ನಿನ್ನಂಥದೇ ಜಾಗ್ರತೆಯ ಹೆಂಗಸೊಬ್ಬಳಿದ್ದಳು, ಅವಳ ಕತೆ ಹೇಳುತ್ತೇನೆ."

ಮರುಳಯ್ಯ ಕೂತ. ಗುರುಗಳು ಹೇಳಿದ ಕತೆ ಇದು.

ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬ ತಾಯಿ, ಒಬ್ಬ ಹೆಂಡತಿ, ಒಂದು ಮಗ್ಗ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ನೇಯ್ದು ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಕಾಣುತ್ತದೆ. ಆ ಕೆಲಸ ಹೆಂಡತಿಯದು. ಅವಳು ಕೂಡಿಸಿದ ಮೇಲೆ ಗಂಟು ಎಲ್ಲಿದೆ ಎಂದು ಹುಡುಕಿದರೆ ಅವಳಿಗೇ ಸಿಗುತ್ತಿರಲಿಲ್ಲ. ಬೇರೆ ಓಣಿಯ ನೇಕಾರರೂ ಅವಳನ್ನು ಕರೆದೊಯ್ಯುತ್ತಿದ್ದರು. ಅತ್ತೆಗೆ ಸೊಸೆಯ ಮೇಲೆ ಅಭಿಮಾನವಿತ್ತು. ಎದುರಿಗೆ ಹೇಳುತ್ತಿರಲಿಲ್ಲ, ಅಷ್ಟೇ.

ಸೊಸೆ ಬಸಿರಾದಳು. ದಿನ ತುಂಬಿ ನೋವು ಶುರುವಾಯಿತು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಆಸ್ಪತ್ರೆಗೆ ಹೋಗೋಣವೇ ಎಂದು ನೇಕಾರ ಕೇಳಿದ. "ನಾ ಏಳು ಹಡದೇನಿ. ಒಂದಕ್ಕೂ ಹೊಸ್ತಿಲಾ ದಾಟಿಲ್ಲ" ಎಂದಳು ತಾಯಿ. ಮೂರನೆಯ ದಿನ ಗಾಡಿ ಬಂತು. ಕೂಸು ಉಳಿಯಲಿಲ್ಲ, ಹೆತ್ತವಳು ಉಳಿದಳು. ಆಮೇಲೆ ಕೆಲವು ದಿನಕ್ಕೆ ಅವಳ ಮೂತ್ರ ತಾನಾಗಿ ಹರಿಯತೊಡಗಿತು. ಕೂತರೂ ಹರಿಯುತ್ತಿತ್ತು, ನಿಂತರೂ ಹರಿಯುತ್ತಿತ್ತು.

ಊರವರು ಅದನ್ನು ಶಾಪ ಎಂದರು, ಹಿಂದಿನ ಜನ್ಮದ್ದು ಎಂದರು. ಮರುಳಯ್ಯ, ಈ ಮಾತು ಕೇಳಿದರೆ ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ. ದಾರಿ ಸಿಗದೆ ಸಿಕ್ಕಿಕೊಂಡ ಕೂಸಿನ ತಲೆ ದಿನಗಟ್ಟಲೆ ಒತ್ತಿದರೆ ಒಳಗಿನ ಮಾಂಸ ಸತ್ತು ತೂತು ಬೀಳುತ್ತದೆ. ಅದು ಅಷ್ಟೇ. ಕಾಯೋಣ ಎಂದವರು ಬೇರೆಯವರು, ತೂತು ಬಿದ್ದದ್ದು ಅವಳ ಮೈಗೆ, ದೂರು ಮಾತ್ರ ದೇವರ ಮೇಲೆ.

ನೇಕಾರರಲ್ಲಿ ಒಂದು ಕಟ್ಟಳೆ ಇತ್ತು. ಒದ್ದೆ ಬಟ್ಟೆಯಲ್ಲಿ ಯಾರೂ ಹಾಸಿನ ಹತ್ತಿರ ಬರಬಾರದು. ತೇವ ತಗುಲಿದರೆ ಗಂಜಿ ಹಾಕಿದ ಎಳೆ ಸಡಿಲವಾಗುತ್ತದೆ. ಕಟ್ಟಳೆ ಸರಿಯಾದದ್ದೇ. ಅದನ್ನು ಹೇಳಿ ಸೊಸೆಯನ್ನು ಮಗ್ಗದಿಂದ ಎಬ್ಬಿಸಿದರು. ಆಮೇಲೆ ಒಲೆಯ ಹತ್ತಿರದಿಂದ ಎಬ್ಬಿಸಿದರು, ಅದಕ್ಕೆ ಯಾವ ಕಟ್ಟಳೆ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಅವಳು ಹಿತ್ತಲ ಚಪ್ಪರಕ್ಕೆ ಬಂದು ಮುಟ್ಟಿದಳು. ಅಲ್ಲಿ ಎರಡು ವರ್ಷ ಇದ್ದಳು. ಹಳೆಯ ಸೀರೆ ಹರಿದು ಮಡಿಸಿ ಕಟ್ಟಿಕೊಳ್ಳುವಳು, ಒಗೆಯುವಳು, ಒಣಗಿಸುವಳು, ಮತ್ತೆ ಕಟ್ಟಿಕೊಳ್ಳುವಳು. ನೀರು ಕುಡಿದರೆ ಹೆಚ್ಚಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬಾಯಾರಿಕೆಯನ್ನು ಅವಳು ಹಸಿವಿಗಿಂತ ಚೆನ್ನಾಗಿ ಬಲ್ಲವಳಾದಳು.

ಮಕ್ಕಳಿಗೆ ಲಸಿಕೆ ಹಾಕಲು ಬಂದ ನರ್ಸಮ್ಮ ಒಬ್ಬಳು ಹಿತ್ತಲಲ್ಲಿ ಒಣಹಾಕಿದ್ದ ಆ ಬಟ್ಟೆಗಳ ಸಾಲು ನೋಡಿದಳು. ಚಪ್ಪರದೊಳಗೆ ಬಗ್ಗಿ ನೋಡಿದಳು. "ಇದನ್ನ ಹೊಲಿತಾರವ್ವಾ. ಎರಡು ವರ್ಷ ಯಾರನ್ನ ಕಾಯ್ಕೋತ ಕುಂತಿ?" ಎಂದಳು. ಸೊಸೆ ತವರಿನ ತಾಯಿಯನ್ನು ಕರೆಸಿಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಹೊಲಿದರು. ಕೆಲವು ವಾರ ನಳಿಕೆ ಹಾಕಿ ಮಲಗಿಸಿದರು. ನೀರು ಕುಡಿ, ಇನ್ನೂ ಕುಡಿ ಎಂದು ದಿನವಿಡೀ ಕುಡಿಸಿದರು. ನಳಿಕೆ ತೆಗೆದ ಮೇಲೆ ಹಾಸಿಗೆ ಒದ್ದೆಯಾಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ತಾಯಿ ವರಾಂಡದಲ್ಲಿ ಕೂತು ಅತ್ತಳು. ಮಗಳು ಅಳಲಿಲ್ಲ, ಹೊಟ್ಟೆ ತುಂಬ ಊಟ ಮಾಡಿದಳು. ಕೆಲವು ತಿಂಗಳು ಭಾರ ಎತ್ತಬೇಡ, ಮುಂದಿನ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ಅವಳು ಗಂಡನ ಮನೆಗೆ ಬಂದು, "ನನಗ ಆರಾಮ ಆಗೇತಿ. ಮಗ್ಗಕ್ಕ ಕೂಡ್ತೇನಿ" ಎಂದಳು.

ನೇಕಾರ ತಾಯಿಯ ಮುಖ ನೋಡಿದ. ಅವನಿಗೆ ಹೆಂಡತಿ ಬೇಕಾಗಿದ್ದಳು, ಹೇಳುವ ಧೈರ್ಯ ಬೇಕಾದಷ್ಟು ಇರಲಿಲ್ಲ. ತಾಯಿ ಜಾಗ್ರತೆಯ ಹೆಂಗಸು. ನೇಕಾರರ ಮನೆಯವಳು, ಪರೀಕ್ಷೆಯನ್ನೂ ನೇಕಾರರ ಹಾಗೆಯೇ ಮಾಡಿದಳು. ಕೆಂಪು ಬಣ್ಣದಲ್ಲಿ ಅದ್ದಿ ಒಣಗಿಸಿದ ಒಂದು ಬಟ್ಟೆ ತಂದಳು. ಬಣ್ಣ ನಿಲ್ಲುವಂತೆ ಅದನ್ನು ಇನ್ನೂ ಕುದಿಸಿರಲಿಲ್ಲ. ಅಂಥ ಬಟ್ಟೆಗೆ ಒಂದು ಹನಿ ನೀರು ಬಿದ್ದರೂ ಬಣ್ಣ ಬಿಡುತ್ತದೆ. ಅದನ್ನು ಪಡಸಾಲೆಯ ಮಣೆಯ ಮೇಲೆ ಹಾಸಿ, "ನಲವತ್ತು ದಿನ ಇದರ ಮ್ಯಾಲ ಕೂಡು. ಬಣ್ಣ ಬಿಡಲಿಲ್ಲಂದ್ರ ಮಗ್ಗ ನಿಂದು" ಎಂದಳು.

ಸೊಸೆ ಕೂತಳು. ಅದರ ಮೇಲೆಯೇ ಕೂತು ಜೋಳ ಹಸನು ಮಾಡಿದಳು, ಶೇಂಗಾ ಸುಲಿದಳು. ಅತ್ತೆ ಮುಂಜಾನೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದು ಬಟ್ಟೆಯ ಮೇಲೆ ಅಂಗೈ ಒತ್ತಿ ನೋಡುವಳು. ನಲವತ್ತು ದಿನವೂ ಅಂಗೈಗೆ ಬಣ್ಣ ಹತ್ತಲಿಲ್ಲ. ಆಗ ಅತ್ತೆ, ಯುಗಾದಿ ಆಗಲಿ ಎಂದಳು. ಸೊಸೆ ಒಪ್ಪಿದಳು. ಮಗ್ಗದ ಮೇಲೆ ಅವಳಿಗೆ ಅಷ್ಟು ಆಸೆ. ಅತ್ತ ನೇಕಾರ ತಾನೇ ಎಳೆ ಕೂಡಿಸುತ್ತಿದ್ದ, ಅವನು ಕೂಡಿಸಿದ ಸೀರೆಗಳು ಮರಳಿ ಬರುತ್ತಿದ್ದವು. ಅದು ಕಂಡಾಗ ಅವಳ ಬೆರಳು ಮಡಿಲಲ್ಲೇ ಆಡುತ್ತಿದ್ದವು. ಆದರೂ ಕೂತಳು.

ಯುಗಾದಿಗೆ ಎರಡು ದಿನ ಇತ್ತು. ಹೊಸ ಹಾಸು ಬಂದಿದೆ, ಬೇಗ ಬಾ ಎಂದು ಮಗ ಒಳಗಿನಿಂದ ಕೂಗಿದ. ಅಂಗಳದಲ್ಲಿದ್ದ ಅತ್ತೆ ಗಡಿಬಿಡಿಯಲ್ಲಿ ಒಳಗೆ ಬಂದಳು. ಬರುವಾಗ ರೂಢಿಯಂತೆ ಬಟ್ಟೆಯ ಮೇಲೆ ಕೈ ಒತ್ತಿದಳು. ಅಂಗೈ ಕೆಂಪಾಯಿತು.

ಅವಳು ಕೂಗಿದ ಕೂಗಿಗೆ ಓಣಿ ಸೇರಿತು. ಎಲ್ಲರಿಗೂ ಕೈ ಎತ್ತಿ ತೋರಿಸಿದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ? ನೋಡ್ರಿ. ಆರಾಮ ಆಗೇತಂತ ಇಷ್ಟು ದಿನ ನಮ್ಮನ್ನ ನಂಬಿಸಿದ್ಲು." ನೋಡಿದವರು ಹೌದು ಎಂದರು. ಕೆಲವರು ಅಯ್ಯೋ ಪಾಪ ಎಂದರು, ಅವರೂ ಹೌದು ಎಂದೇ ಅಂದದ್ದು. ನೇಕಾರ ಮಾತಾಡದೆ ಹೆಂಡತಿಯ ಎರಡು ಸೀರೆಗಳನ್ನು ಗಂಟು ಕಟ್ಟಿ ಹೊಸ್ತಿಲ ಹೊರಗಿಟ್ಟ. ಈ ಸಲ ಹಿತ್ತಲ ಚಪ್ಪರವೂ ಇರಲಿಲ್ಲ.

ಎಲ್ಲರಿಗಿಂತ ಮೊದಲು ಅದನ್ನು ನಂಬಿದವಳು ಸೊಸೆಯೇ. ಎರಡು ವರ್ಷ ಮೈ ಅವಳಿಗೆ ಮೋಸ ಮಾಡಿತ್ತು, ಮತ್ತೆ ಮಾಡಿತು ಎಂದುಕೊಂಡಳು. ಕೈ ತಾನಾಗಿ ನಿರಿಗೆಗೆ ಹೋಯಿತು. ನಿರಿಗೆ ಒಣಗಿತ್ತು. ಇನ್ನೊಮ್ಮೆ ಮುಟ್ಟಿದಳು. ಒಣಗಿಯೇ ಇತ್ತು.

ಅವಳು ಮಣೆಯ ಮೇಲಿನ ಬಟ್ಟೆ ಎತ್ತಿಕೊಂಡು ಹೊರಗಿನ ಬೆಳಕಿಗೆ ಬಂದಳು. ಎಲ್ಲರ ಮುಂದೆ ಕಟ್ಟೆಯ ಮೇಲೆ ಹಾಸಿದಳು. ಬಣ್ಣ ಬಿಟ್ಟ ಜಾಗದಲ್ಲಿ ಒಂದು ಅಂಗೈ, ಐದು ಬೆರಳು ಎದ್ದು ಕಾಣುತ್ತಿದ್ದವು. ಸುತ್ತಲಿನ ಬಟ್ಟೆಗೆ ಏನೂ ಆಗಿರಲಿಲ್ಲ.

"ಅತ್ತೀ, ಇವತ್ತ ಬಾಗಲಿಗೆ ನೀರು ಹಾಕಿ ಕೈ ವರಸ್ಕೊಂಡ್ರ್ಯಾ?" ಎಂದು ಕೇಳಿದಳು.

ಓಣಿಯವರು ಬಟ್ಟೆ ನೋಡಿದರು, ಅತ್ತೆಯ ಕೈ ನೋಡಿದರು. ಒಬ್ಬ ಮುದುಕ ನೇಕಾರ ನಕ್ಕುಬಿಟ್ಟ. ಅತ್ತೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕೆಟ್ಟವಳಲ್ಲ ಅವಳು, ನಾಚಿಕೆಯಿಂದ ನೆಲ ನೋಡುತ್ತ ನಿಂತಳು. "ಆತು, ಒಳಗ ನಡಿ. ಮಗ್ಗಕ್ಕ ಕೂಡು. ಯುಗಾದಿ ಗಿಗಾದಿ ಏನೂ ಬ್ಯಾಡ" ಎಂದಳು. ಗಂಡನೂ ಸೀರೆಯ ಗಂಟನ್ನು ಒಳಗೆ ತರಲು ಬಗ್ಗಿದ.

ಹೆಂಡತಿ ಅದನ್ನು ಅವನಿಗಿಂತ ಮೊದಲು ಎತ್ತಿಕೊಂಡಳು. ಬಾಗಿಲ ಬಳಿಯ ತಂಬಿಗೆ ಎತ್ತಿ, ಎಲ್ಲರೂ ನೋಡುತ್ತಿರುವಂತೆ ನಿಂತೇ ತುಂಬಿದ ತಂಬಿಗೆ ನೀರು ಕುಡಿದಳು. ಆ ನೀರು ಎಷ್ಟು ರುಚಿಯಾಗಿತ್ತೋ ಅವಳಿಗೇ ಗೊತ್ತು.

"ಇಷ್ಟು ದಿನ ನೀವು ನನ್ನ ನೋಡಿದ್ರಿ, ಅತ್ತೀ. ಇನ್ನ ಸ್ವಲ್ಪ ದಿನ ನಾ ನಿಮ್ಮನ್ನ ನೋಡ್ತೇನಿ" ಎಂದಳು. ಬಿರುಸಿನಿಂದ ಹೇಳಲಿಲ್ಲ. ತವರಿನ ದಾರಿ ಹಿಡಿದಳು.

ಹೋದವಳು ಮೂಲೆ ಹಿಡಿದು ಕೂರಲಿಲ್ಲ. ತವರೂರಿನಲ್ಲೂ ನೇಕಾರರ ಓಣಿ ಇತ್ತು. ಒಬ್ಬರು ಎಳೆ ಕೂಡಿಸಲು ಕರೆದರು, ಆಮೇಲೆ ಹತ್ತು ಮನೆಯವರು ಕರೆದರು. ಯಾರೂ ಅವಳ ಕೆಳಗೆ ಯಾವ ಬಟ್ಟೆಯನ್ನೂ ಹಾಸಲಿಲ್ಲ. ಓಣಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಅವಳು ಕೈಯಲ್ಲಿದ್ದ ಎಳೆ ಬಿಟ್ಟು ಎದ್ದು ಹೋಗುತ್ತಿದ್ದಳು. "ಗಾಡಿ ತರಸ್ರಿ" ಎನ್ನುತ್ತಿದ್ದಳು. ಏಳು ಹೆತ್ತವರು, ಒಂಬತ್ತು ಹೆತ್ತವರು ಬಾಯಿ ತೆರೆಯುತ್ತಿದ್ದರು, ಅವಳ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದರು. ಗಾಡಿ ಬರುತ್ತಿತ್ತು.

ಆರು ತಿಂಗಳ ಮೇಲೆ ಒಂದು ದಿನ ಅತ್ತೆ, ಮಗನನ್ನು ಹಿಂದೆ ಕಟ್ಟಿಕೊಂಡು ಅಲ್ಲಿಗೆ ಬಂದಳು. ತವರುಮನೆಯ ಬಾಗಿಲು ತೆರೆದೇ ಇತ್ತು. ಆದರೂ ಅತ್ತೆ ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತಳು. ಹಿಂದೆಲ್ಲ ಸೊಸೆಗೆ ಬಾ ಎಂದೋ ಹೋಗು ಎಂದೋ ಹೇಳಿ ರೂಢಿಯಿದ್ದ ನಾಲಿಗೆ ಅದು. ಅಂದು ಅವಳು, "ಮಗ್ಗ ನಿಂತೈತಿ. ನಿನಗ ಬರೂ ಮನಸ್ಸೈತೇನವ್ವಾ?" ಎಂದು ಕೇಳಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಗಳು ಮುಂದುವರಿಸುವ ಹಾಗೆ ಕಾಣಲಿಲ್ಲ. ಮರುಳಯ್ಯನಿಗೆ ತಡೆಯಲಾಗಲಿಲ್ಲ.

"ಆಕೆ ಏನೆಂದಳು, ಅಪ್ಪಾವರೇ?"

"ನಮ್ಮ ಅಡುಗೆಮನೆಗೆ ಬರಲು ಶಾವಂತ್ರೆವ್ವನಿಗೆ ಇನ್ನೂ ಮನಸ್ಸಿದೆಯೇ, ನೀನು ಮೊದಲು ಹೋಗಿ ಅದನ್ನು ಕೇಳಿಕೊಂಡು ಬಾ" ಎಂದರು ಗುರುಗಳು.