ಆರು ಜೊತೆ ಬೂಟು

ಗುರು ಎಂದೊಡನೆ ಕಾವಿ, ಕಮಂಡಲ, ಆಲದ ಮರ ಹುಡುಕಬೇಡಿ. ಈ ಗುರು ಬಹಳ ಹಿಂದೆ ಅಮೆರಿಕದ ಹೊಳೆಯೊಂದರ ದಂಡೆಯಲ್ಲಿ ಕೂತು ಬೂಟು ಹೊಲಿಯುತ್ತಿದ್ದ. ಹೆಸರು ಎಜ್ರಾ, ಎಲ್ಲರಿಗೂ ಅಜ್ಜ.

ಹೊಳೆ ಹೆಪ್ಪುಗಟ್ಟಿತ್ತು. ಹಿಮ ಕರಗಿದ ಮೇಲೆ, ತಮ್ಮವರಾರೂ ನಕ್ಷೆ ಬರೆಯದ ಬೆಟ್ಟಗಳನ್ನು ದಾಟಲು ಒಂದು ತಂಡ ಅಲ್ಲಿ ಕಾದಿತ್ತು. ಇದ್ದವರು ಇಪ್ಪತ್ತು ಜನ. ಹೋಗುವವರು ಹದಿನೈದೇ. ಯಾರು ಯಾರು ಎಂದು ಆರಿಸುವವನು ಎಜ್ರಾ.

ಆ ಚಳಿಗಾಲವೆಲ್ಲ ಒಂದೇ ಕೆಲಸ. ಜಿಂಕೆ ಚರ್ಮದ ಬೂಟು, ತಲೆಗೆ ಹತ್ತು ಜೊತೆ. ಎಲ್ಲವೂ ಒಂದೇ ರಾಶಿಗೆ. ದಾರಿಯಲ್ಲಿ ಯಾರ ಬೂಟು ಹರಿದರೂ ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಕು.

ಶಿಷ್ಯ ಸೈಲಸ್‌ಗೆ ಹೋಗುವ ಹುಚ್ಚು. ಎಲ್ಲರಿಗಿಂತ ಮೊದಲು ಮುಗಿಸಿದರೆ ತನ್ನನ್ನು ಬಿಟ್ಟು ಹೋಗಲಾರರು ಎಂದುಕೊಂಡ. ಒಂದೇ ವಾರದಲ್ಲಿ ಆರು ಜೊತೆ ತಂದಿಟ್ಟ.

“ಅಜ್ಜಾ, ನೋಡಿ!”

“ಚುರುಕಾಗಿದ್ದೀಯ,” ಎಂದ ಎಜ್ರಾ. ಆರೂ ಜೊತೆಯನ್ನು ತಿರುಗಿಸಿ ನೋಡಿದ.

ಒಂದು ಮಧ್ಯಾಹ್ನ ಅಜ್ಜ ಬೆಂಕಿಯ ಮುಂದೆ ಕೂತು ಕಾಲಿಗೆ ಕೊಬ್ಬು ತಿಕ್ಕುತ್ತಿದ್ದ. ಬಲಗಾಲಿನಲ್ಲಿ ಎರಡು ಬೆರಳಿರಲಿಲ್ಲ.

“ಏನಾಯ್ತು ಅಜ್ಜಾ?”

“ಹೋದ ಸಲ ಬೆಟ್ಟದ ಮೇಲೆ ಬೂಟಿನ ಹೊಲಿಗೆ ಬಿಚ್ಚಿಕೊಳ್ತು. ಹಿಮ ಒಳಗೆ ಬಂತು.”

“ಯಾವ ಸೋಮಾರಿ ಹೊಲಿದದ್ದು ಅದನ್ನ? ಅವನ ಕೈ ಸೇದಿಹೋಗಲಿ!”

“ಬೈಬೇಡ. ಒಳ್ಳೆಯವನೇ. ಚಳಿಗಾಲ ಬೇಗ ಮುಗೀಲಿ ಅಂತ ಅವನಿಗೂ ಇತ್ತು.”

ಸೈಲಸ್ ಎದ್ದು ಹೋಗಿ ರಾಶಿ ಕೆದಕಿದ. ಒಂದೊಂದೇ ಹೊಲಿಗೆ ಎಳೆದು ನೋಡಿದ. ಮೂರು ದಿನ ಹುಡುಕಿದರೂ ತನ್ನವು ಸಿಗಲಿಲ್ಲ.

ನಾಲ್ಕನೆಯ ದಿನ ಬಂದು ತಲೆ ತಗ್ಗಿಸಿ ನಿಂತ.

“ಅಜ್ಜಾ, ನನ್ನ ಆರೂ ಜೊತೆ ಉದ್ದುದ್ದ ಹೊಲಿಗೆಯವು. ಬೆಟ್ಟದಲ್ಲಿ ಬಿಚ್ಚಿಕೊಳ್ತಾವೆ. ನನ್ನನ್ನ ಇಲ್ಲೇ ಬಿಟ್ಟು ಹೋಗಿ, ಪರವಾಗಿಲ್ಲ. ಆದರೆ ಅವನ್ನ ಯಾರಿಗೂ ಕೊಡಬೇಡಿ.”

ಪರವಾಗಿಲ್ಲ ಎಂದನೇ ಹೊರತು, ಪಾಪ, ಅವನ ಕಣ್ಣು ತುಂಬಿ ಬಂದಿತ್ತು.

ಎಜ್ರಾ ಹಾಸಿಗೆಯ ಕೆಳಗಿನಿಂದ ಒಂದು ಗಂಟು ಎಳೆದ. ಬಿಚ್ಚಿದರೆ ಅವೇ ಆರು ಜೊತೆ. ಒಂದನ್ನು ತನ್ನ ಕಾಲಿಗೆ ಹಾಕಿಕೊಂಡು ದಾರ ಬಿಗಿಯತೊಡಗಿದ.

“ಅಯ್ಯೋ, ಅದು ಬೇಡ ಅಜ್ಜಾ! ಹರಿಯುತ್ತೆ!”

“ಹರಿಯುತ್ತೆ,” ಎಂದ ಎಜ್ರಾ. “ಅದಕ್ಕೇ ಬೆಟ್ಟ ಹತ್ತುವಾಗ ಸೂಜಿ ದಾರ ಹಿಡಿದು ನೀನು ನನ್ನ ಹಿಂದೇನೇ ನಡೀಬೇಕು.”