ಜೋಳಿಗೆಯ ಮಾತ್ರೆ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಕೈಯಲ್ಲಿದ್ದ ಕೆಲಸ ಅಲ್ಲೇ ಇರಲಿ, ಈ ಕಥೆಗೆ ಎರಡೂ ಕಿವಿ ಬೇಕು.

ಹೊಳೆದಂಡೆಯಲ್ಲೊಂದು ಮಠ. ಅಲ್ಲಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಅನ್ನೋರು. ಎಲೆಯಲ್ಲಿ ಒಂದು ಅಗಳೂ ಬಿಡುವಂತಿಲ್ಲ, ಅದೇ ಅಲ್ಲಿಯ ವ್ರತ.

ಅಜ್ಜಾರ ಶಿಷ್ಯ ಗುರುಪಾದನ ಕಾಲಿಗೆ ಕುರು ಎದ್ದಿತು. ಪೇಟೆಯ ಡಾಕ್ಟರು ಆಂಟಿಬಯೋಟಿಕ್ ಮಾತ್ರೆ ಕೊಟ್ಟು, "ನೋವು ಹೋದರೂ ನಡುವ ಬಿಡಬ್ಯಾಡ, ಪೂರ್ತಿ ಮುಗಿಸು" ಅಂದರು.

ನೋವು ಹೋಯಿತು. ಉಳಿದ ಮಾತ್ರೆಯನ್ನು ಗುರುಪಾದ ಜೋಳಿಗೆಯಲ್ಲಿಟ್ಟ. ಚೆಲ್ಲಬಾರದಲ್ಲ!

ದಾಸೋಹದ ಅಡುಗೆಯ ನೀಲವ್ವ ಸೀನಿದರೆ ಒಂದು ಕೊಟ್ಟ. ಮೈಕೈ ನೋವು ಅಂದರೆ ಇನ್ನೊಂದು ಕೊಟ್ಟ. ತೀರಿದಾಗ ಅಂಗಡಿಯಿಂದ ಅದನ್ನೇ ತಂದಿಟ್ಟ.

"ಸಣ್ಣ ಡಾಕ್ಟರು ಬಂದ್ರು, ದಾರಿ ಬಿಡ್ರವ್ವಾ!" ಅಂತ ನೀಲವ್ವ ನಗುವಳು. ಗುರುಪಾದನ ಎದೆ ಉಬ್ಬುವುದು.

ಒಂದು ದಿನ ಕುದಿಯುವ ಸಾರು ಅವಳ ಕೈಮೇಲೆ ಬಿತ್ತು. ಗಾಯ ಕೀವಾಯಿತು. ಗುರುಪಾದ ಮತ್ತೆ ಅದೇ ಮಾತ್ರೆ ಕೊಟ್ಟ. ಬಾವು ಮೊಣಕೈ ಮುಟ್ಟಿತು, ಚಳಿಜ್ವರ ಏರಿತು.

ಆಸ್ಪತ್ರೆಯಲ್ಲಿ ಡಾಕ್ಟರು ತಲೆಯಾಡಿಸಿದರು. "ಗಾಯದಾಗಿನ ಕ್ರಿಮಿ ಈ ಮಾತ್ರಿಗೆ ಬಗ್ಗಂಗಿಲ್ಲ. ಬ್ಯಾಡಾದಾಗೆಲ್ಲ ಅರೆಬರೆ ತಿಂದು ಅವನ್ನ ಗಟ್ಟಿ ಮಾಡಿಬಿಟ್ಟೀರಿ. ಕೈ ಉಳಿಸೋದೇ ಕಷ್ಟ ಐತಿ. ಯಾರು ಕೊಟ್ಟರು?"

ಗುರುಪಾದ ಜೋಳಿಗೆಯನ್ನು ಬೆನ್ನ ಹಿಂದೆ ಸರಿಸಿದ.

"ಯಾರೂ ಇಲ್ರಿ, ನಾನಾ ತಗೊಂಡೆ," ಅಂದಳು ನೀಲವ್ವ.

ಅವಳು ಬೈದಿದ್ದರೆ ಗುರುಪಾದ ಹೇಗೋ ತಡೆದುಕೊಳ್ಳುತ್ತಿದ್ದ. ಆ ಮಾತು ಅವನನ್ನು ನಿಂತಲ್ಲೇ ಹೂತುಬಿಟ್ಟಿತು.

ಮಠಕ್ಕೆ ಮರಳಿದಾಗ ಪಂಕ್ತಿ ಕೂತಿತ್ತು. ಎಂದೂ ಅಗಳು ಬಿಡದ ಅಜ್ಜಾರು ಅಂದು ಅರ್ಧ ಉಂಡು ಎಲೆ ಸರಿಸಿದರು.

"ಗುರುಪಾದಾ, ಇದನ್ನ ಹೊರಗ ಕುಂತ ಯಾತ್ರಿಕರಿಗೆ ಬಡಿಸು."

"ಅಜ್ಜಾರ, ಎಂಜಲ ಐತಲ್ರಿ!"

"ಮತ್ತ ನಿನ್ನ ಜೋಳಿಗ್ಯಾಗ ಉಳಿದಿದ್ದ ಮಾತ್ರಿ?"

ಪಂಕ್ತಿಯಲ್ಲಿ ಕೈಗಳೆಲ್ಲ ನಿಂತವು. ಗುರುಪಾದ ಜೋಳಿಗೆ ಕಳಚಿ ಅಜ್ಜಾರ ಮುಂದಿಟ್ಟ.

"ನೀಲವ್ವಗ ಮಾತ್ರಿ ನಾನಾ ಕೊಟ್ಟೆರಿ," ಅಂದ, ಎಲ್ಲರಿಗೂ ಕೇಳುವ ಹಾಗೆ. ನಿಂತ ಹೆಜ್ಜೆಯಲ್ಲೇ ಆಸ್ಪತ್ರೆಗೆ ಹೋಗಿ ಡಾಕ್ಟರಿಗೂ ಅದನ್ನೇ ಹೇಳಿದ.

ಬೇರೆ ಔಷಧಿಗೆ ನೀಲವ್ವನ ಕೈ ಉಳಿಯಿತು, ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಅವಳ ಸೌಟು ಗುರುಪಾದನ ಕೈಗೆ ಬಂತು. ಅವಳು ಒಲೆಯ ಬಳಿ ಕೂತು, "ಉಪ್ಪು ಸಾಲದು, ಡಾಕ್ಟರ!" ಅಂತ ಕೆಣಕುತ್ತ ಮುಪ್ಪಾದಳು. ಜ್ವರ ಅಂತ ಬಂದವರನ್ನು ಗುರುಪಾದ ತಾನೇ ಕೈಹಿಡಿದು ಆಸ್ಪತ್ರೆಗೆ ನಡೆಸುತ್ತಿದ್ದ.

ಅಜ್ಜಾರು ಆ ಹೊಳೆದಂಡೆಯಲ್ಲೇ ಐಕ್ಯರಾದರು. ಅದಕ್ಕೂ ಮುಂಚೆ, ಅವರ ಕಾಲೊತ್ತುತ್ತ ಗುರುಪಾದ ಕೇಳಿದ್ದು ಇಷ್ಟು:

"ಅಜ್ಜಾರ, ಈ ನಾಚಿಕಿ ಯಾವಾಗ ಹೋಗ್ತೈತ್ರಿ?"

"ಈಗೇನರ ಕಡಿಮಿ ಆಗೇತೇನು?"

"ಸ್ವಲ್ಪ ಆಗೇತ್ರಿ."

"ಹಂಗಾರ ನಡುವ ಬಿಡಬ್ಯಾಡ. ಪೂರ್ತಿ ಮುಗಿಸು."